ಕಲ್ಲಿನ ಒಡಲು: ಬಿಗಿ ಮರಳುಗಲ್ಲಿನ ಗುಣವಿಚಾರ

‘ಪೆಟ್ರೋಲಿಯಂ’ ಎಂಬ ಮಾತು ಇಂದು ಹಳ್ಳಿಯ ಬಾಲಕನಿಗೂ ಅಪರಿಚಿತವಲ್ಲ. ಶಬ್ದವನ್ನು ಬಿಡಿಸಿ ನೋಡಿದರೆ ‘ಪೆಟ್ರಾ’ ಎಂದರೆ ಬಂಡೆ, ‘ಓಲಿಯಂ’ ಎಂದರೆ ಎಣ್ಣೆ. ನಾವು ಶಿಲಾತೈಲವೆಂದೂ ಕಲ್ಲೆಣ್ಣೆಯೆಂದೂ ಹೇಳುವುದು ಇದನ್ನೇ. ಹೆಸರು ಇಷ್ಟು ಸ್ಪಷ್ಟವಾಗಿದ್ದರೂ, ಭೂಗರ್ಭದಲ್ಲಿ ಎಣ್ಣೆಯು ಕೆರೆಯಂತೆ ತುಂಬಿಕೊಂಡಿರುತ್ತದೆ, ಕೊಳವೆ ಇಳಿಸಿದೊಡನೆ ಮೇಲಕ್ಕೆ ಚಿಮ್ಮುತ್ತದೆ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಳಿದುಕೊಂಡು ಬಂದಿದೆ. ವಾಸ್ತವದಲ್ಲಿ ಕಲ್ಲೇ ಎಣ್ಣೆಯ ಮನೆ. ಮರಳಿನ ಕಣಕಣಗಳ ನಡುವೆ, ಬರಿಗಣ್ಣಿಗೆ ಕಾಣದ ಎಡೆಗಳಲ್ಲಿ ಅದು ಅಡಗಿರುತ್ತದೆ. ನಮ್ಮ ಬಾವಿಯ ನೀರಿಗೂ ಇದೇ ನಿಯಮ.

ಭಾಷಾಪಂಡಿತನಾದವನಿಗೆ ಕಲ್ಲಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿದರೂ ಚೈತ್ರ ವೈಶಾಖಗಳಲ್ಲಿ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಒಬ್ಬರ ತೋಟದ ಕೊಳವೆಬಾವಿಯಲ್ಲಿ ನೀರು ಬಂದರೆ ಬೇಲಿಯಾಚೆ ಕೊರೆದದ್ದರಲ್ಲಿ ಬರಿಯ ಧೂಳು ಬರುತ್ತದೆ. ಇದನ್ನು ಅದೃಷ್ಟವೆಂದು ಹೇಳಿ ಸುಮ್ಮನಾಗುವುದು ನಮ್ಮ ರೂಢಿ. ಆದರೆ ಕಲ್ಲೆಣ್ಣೆಯನ್ನು ಹುಡುಕುವ ಶಾಸ್ತ್ರಜ್ಞರು ‘ಬಿಗಿ ಮರಳುಗಲ್ಲು’ ಎಂಬ ಒಂದು ವರ್ಗದ ಶಿಲೆಯನ್ನು ಕುರಿತು ಹೇಳುವ ಮಾತುಗಳೇ ಈ ಪ್ರಶ್ನೆಗೂ ಬಹುಮಟ್ಟಿಗೆ ಉತ್ತರವಾಗುತ್ತವೆ. ಆ ವಿಚಾರವನ್ನು ನಮ್ಮ ನೆಲದ ನಿದರ್ಶನಗಳೊಡನೆ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅವಕಾಶ ಮತ್ತು ಮಾರ್ಗ

ಶಿಲೆಯು ದ್ರವವನ್ನು ಧರಿಸಿ ಕೊಡಬೇಕಾದರೆ ಎರಡು ಗುಣಗಳು ಬೇಕು. ಒಳಗೆ ಬರಿದಾದ ಎಡೆಯಿರುವುದು ಮೊದಲನೆಯದು. ಇದಕ್ಕೆ ಸರಂಧ್ರತೆ ಎಂದು ಹೆಸರು. ಆ ಎಡೆಗಳು ಒಂದಕ್ಕೊಂದು ಕೂಡಿಕೊಂಡು ದ್ರವಕ್ಕೆ ದಾರಿ ಬಿಡುವುದು ಎರಡನೆಯದು; ಇದು ಪಾರಗಮ್ಯತೆ. ಮೊದಲನೆಯದು ಅವಕಾಶ, ಎರಡನೆಯದು ಮಾರ್ಗ. ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರಬೇಕೆಂಬ ನಿಯಮವಿಲ್ಲ.

ಈ ಭೇದವನ್ನು ತಿಳಿಯಲು ನಮ್ಮವರು ದೂರ ಹೋಗಬೇಕಾಗಿಲ್ಲ. ಮನೆಯ ಗೋಡೆಗೆ ಬಳಸುವ ಕೆಂಪು ಚಿರೆಕಲ್ಲನ್ನು, ಅರ್ಥಾತ್ ಜಂಬಿಟ್ಟಿಗೆಯನ್ನು ನೋಡಿರಿ. 1801ರಲ್ಲಿ ಶಿರಸಿಯ ಮಾರ್ಗವಾಗಿಯೂ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿಯು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ಮಲಬಾರಿನಲ್ಲಿ ಕಂಡ ಇಂತಹ ಕಲ್ಲಿಗೆ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇದರ ಮೈಯೆಲ್ಲ ತೂತು, ತೂತಿಗೆ ತೂತು ಕೂಡಿದೆ. ಮಳೆಯ ನೀರು ಇದರೊಳಗೆ ಸಲೀಸಾಗಿ ಇಳಿಯುತ್ತದೆ. ಚಿರೆಕಲ್ಲಿನ ಕೆಳಗೆ ಎಷ್ಟೋ ಕಡೆ ಬಿಳಿಯ ಶೇಡಿಮಣ್ಣು ಇರುತ್ತದೆ. ಶೇಡಿಯು ಚಿರೆಗಿಂತ ಕಡಿಮೆ ನೀರು ಕುಡಿಯುವುದೆಂದು ಭಾವಿಸಬೇಡಿರಿ. ಜೇಡಿಯ ಜಾತಿಯ ಮಣ್ಣು ತನ್ನ ಗಾತ್ರದ ಅರ್ಧದಷ್ಟು ಎಡೆಯನ್ನು ಹೊಂದಿರಬಲ್ಲದು. ಆದರೆ ಅದರ ಎಡೆಗಳು ಅತಿ ಸೂಕ್ಷ್ಮ, ಹಿಡಿದದ್ದನ್ನು ಬಿಡುವುದಿಲ್ಲ. ಆದಕಾರಣವೇ ಚಿರೆಯಿಂದ ಇಳಿದ ನೀರು ಶೇಡಿಯ ಬೆನ್ನ ಮೇಲೆ ಹರಿದು, ಗುಡ್ಡದ ಓರೆಯಲ್ಲಿ ಒರತೆಯಾಗಿ ಹೊರಬೀಳುತ್ತದೆ. ಚಿರೆಗೆ ಅವಕಾಶವೂ ಉಂಟು, ಮಾರ್ಗವೂ ಉಂಟು. ಶೇಡಿಗೆ ಅವಕಾಶವುಂಟು, ಮಾರ್ಗವಿಲ್ಲ.

ತರಗತಿಯಲ್ಲಿ ತೋರಿಸಬಹುದಾದ ಲೆಕ್ಕವೊಂದಿದೆ. ಒಂದೇ ಗಾತ್ರದ ಗೋಲಿಗಳನ್ನು ಒಂದರ ನೆತ್ತಿಯ ಮೇಲೆ ಒಂದು ಬರುವಂತೆ ಜೋಡಿಸಿದರೆ ಒಟ್ಟು ಗಾತ್ರದಲ್ಲಿ ಶೇಕಡಾ 47.6ರಷ್ಟು ಬರಿದಾಗಿ ಉಳಿಯುತ್ತದೆ. ಕೆಳಗಿನ ಗೋಲಿಗಳ ನಡುವಣ ಕುಳಿಯಲ್ಲಿ ಮೇಲಿನದು ಕೂರುವಂತೆ ಒತ್ತಾಗಿ ಜೋಡಿಸಿದರೆ ಸುಮಾರು ಶೇಕಡಾ 26 ಉಳಿಯುತ್ತದೆ. ಗೋಲಿ ದೊಡ್ಡದಿರಲಿ, ಸಾಸಿವೆಯಷ್ಟೇ ಇರಲಿ, ಈ ಪ್ರಮಾಣ ಬದಲಾಗದು. ಮಾರ್ಗದ ಲೆಕ್ಕ ಮಾತ್ರ ಬೇರೆ. ಕಣದ ವ್ಯಾಸವು ಅರ್ಧಕ್ಕಿಳಿದರೆ ಪಾರಗಮ್ಯತೆಯು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ.

ಈ ಮಾರ್ಗವನ್ನು ಅಳೆಯುವ ಮಾನಕ್ಕೆ ‘ಡಾರ್ಸಿ’ ಎಂದು ಹೆಸರು. ಹೆನ್ರಿ ಡಾರ್ಸಿ ಎಂಬಾತನು ಫ್ರಾನ್ಸ್ ದೇಶದ ದಿಜೋನ್ ಪಟ್ಟಣಕ್ಕೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದ ಎಂಜಿನಿಯರು. ಮರಳಿನ ಮೂಲಕ ನೀರು ಹರಿಯುವ ಪರಿಯನ್ನು ಪ್ರಯೋಗದಿಂದ ಕಂಡುಕೊಂಡು 1856ರಲ್ಲಿ ಪ್ರಕಟಿಸಿದನು. ಇಂದು ಜಗತ್ತಿನ ಎಣ್ಣೆಬಾವಿಗಳನ್ನೆಲ್ಲ ಅಳೆಯುವುದು ಒಂದು ಊರಿನ ನಲ್ಲಿಯ ನೀರಿಗಾಗಿ ನಡೆದ ಪ್ರಯೋಗದ ಮಾನದಿಂದ! ಉತ್ತಮ ಮರಳುಗಲ್ಲಿನಲ್ಲಿ ಪಾರಗಮ್ಯತೆಯು ನೂರಾರು ಮಿಲಿಡಾರ್ಸಿಗಳಿಂದ ಹಲವು ಡಾರ್ಸಿಗಳವರೆಗೆ ಇರಬಹುದು. ಒಂದು ಮಿಲಿಡಾರ್ಸಿಯ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಯಿದ್ದರೆ ಅದನ್ನು ಬಿಗಿ ಮರಳುಗಲ್ಲು ಎನ್ನುವುದು ವಾಡಿಕೆ; ಇಂತಹುದರಲ್ಲಿ ಸರಂಧ್ರತೆಯೂ ಸಾಮಾನ್ಯವಾಗಿ ಶೇಕಡಾ 10ಕ್ಕಿಂತ ಕಡಿಮೆ. ಉಳಿದೆಲ್ಲವೂ ಸಮಾನವಾಗಿದ್ದರೆ, ಒಂದು ಡಾರ್ಸಿಯ ಕಲ್ಲು ಒಂದು ದಿನದಲ್ಲಿ ಕೊಡುವಷ್ಟನ್ನು ಈ ಕಲ್ಲು ಕೊಡಲು 10,000 ದಿನಗಳು, ಎಂದರೆ 27 ವರ್ಷಗಳಿಗೂ ಹೆಚ್ಚು ಕಾಲ ಬೇಕು.

ಜನನದಿಂದ ಬರುವ ಗುಣ

ಕಲ್ಲು ಹೀಗೆ ಬಿಗಿಯಾಗುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮೊದಲನೆಯದು ಮರಳು ಬಂದು ನೆಲೆಸಿದ ಸ್ಥಳ ಮತ್ತು ರೀತಿ. ಹೊಳೆಯ ರಭಸದ ಹರಿವಿನಲ್ಲಿ, ಸಮುದ್ರ ದಂಡೆಯ ಅಲೆಗಳ ಹೊಡೆತದಲ್ಲಿ ತೊಳೆದು ಬಂದ ಮರಳು ಶುದ್ಧವಾಗಿರುತ್ತದೆ, ಕಣಗಳು ಸಮಗಾತ್ರವಾಗಿರುತ್ತವೆ. ನೆರೆ ಇಳಿದ ಬಯಲಿನಲ್ಲಿ, ಆಳವಾದ ನೀರಿನಲ್ಲಿ ಕೆಸರಿನೊಡನೆ ಕುಸಿದು ಬಂದ ಮರಳು ಮಿಶ್ರವಾಗಿರುತ್ತದೆ. ಅಡಿಕೆಯ ಮೂಟೆಯೊಳಗೆ ಸಾಸಿವೆಯನ್ನು ಸುರಿದರೆ ಅಡಿಕೆಗಳ ನಡುವಣ ಎಡೆಗಳೆಲ್ಲ ತುಂಬಿಕೊಳ್ಳುವಂತೆ, ದೊಡ್ಡ ಕಣಗಳ ನಡುವೆ ಸಣ್ಣವು ಸೇರಿ ಅವಕಾಶವನ್ನೂ ಮಾರ್ಗವನ್ನೂ ಮುಚ್ಚುತ್ತವೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಚಿರೆಕಲ್ಲು ಮತ್ತು ಮಣ್ಣಿನ ಹೊದಿಕೆಯ ಕೆಳಗೆ ವಿಸ್ತಾರವಾಗಿ ಹಬ್ಬಿರುವ ಬೂದುಗಪ್ಪಿನ ಶಿಲೆಯು ಇದಕ್ಕೆ ಉತ್ತಮ ನಿದರ್ಶನ. ಇದಕ್ಕೆ ‘ಗ್ರೇವ್ಯಾಕ್’ ಎಂದು ಹೆಸರು. ಜರ್ಮನ್ ಗಣಿಗಾರರು ಬೂದುಬಣ್ಣದ ಕಲ್ಲಿಗೆ ಹೇಳುತ್ತಿದ್ದ ಮಾತದು. ಶಿವಮೊಗ್ಗದಿಂದ ಗೋವೆಯವರೆಗೆ ಹಬ್ಬಿದ ಧಾರವಾಡ ಶಿಲಾಸ್ತೋಮದ ಒಂದು ಅಂಗವಾದ ಇದು ಸುಮಾರು 260 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಮರಳೂ ಕೆಸರೂ ಕೂಡಿ ಬಿದ್ದು ಆದದ್ದು. ಹುಟ್ಟಿನಿಂದ ಇದೂ ಒಂದು ಮರಳುಗಲ್ಲೇ. ಆದರೆ ಹುಟ್ಟುವಾಗಲೇ ಇದರ ಎಡೆಗಳಲ್ಲಿ ಕೆಸರು ತುಂಬಿತ್ತು.

ಭಾರದಿಂದ ಬರುವ ಬಿಗಿ

ಎರಡನೆಯ ಕಾರಣ ಮೇಲಿನ ಭಾರ. ಹೊಸದಾಗಿ ನೆಲೆಸಿದ ಮರಳಿನಲ್ಲಿ ಶೇಕಡಾ 40ರಷ್ಟು ಎಡೆಯಿರುತ್ತದೆ. ಅದರ ಮೇಲೆ ಪದರದ ಮೇಲೆ ಪದರ ಸೇರಿ ಸಾವಿರಾರು ಮೀಟರು ಆಳಕ್ಕೆ ಹೂತಾಗ ಕಣಗಳು ಒತ್ತಾಗಿ ಸೇರುತ್ತವೆ. ಬೆಣಚಿನ ಕಣ ಗಟ್ಟಿ, ಒತ್ತಡವನ್ನು ತಾಳಿಕೊಳ್ಳುತ್ತದೆ. ಜೇಡಿಯ ಉಂಡೆ, ಕಾಗೆಬಂಗಾರದ ರೇಕು, ಮೃದುವಾದ ಶಿಲೆಯ ಚೂರುಗಳು ಬಾಗಿ ಹಿಸುಕಿಕೊಂಡು ಎಡೆಗಳೊಳಕ್ಕೆ ನುಗ್ಗುತ್ತವೆ. ಹೀಗಾಗಿ ಒಂದೇ ಆಳದಲ್ಲಿ ಹೂತ ಎರಡು ಮರಳುಗಳಲ್ಲಿ ಬೆಣಚು ಹೆಚ್ಚಾಗಿರುವುದು ತನ್ನ ಎಡೆಗಳನ್ನು ಹೆಚ್ಚು ಉಳಿಸಿಕೊಳ್ಳುತ್ತದೆ. ಎಡೆಗಳಲ್ಲಿ ಸಿಕ್ಕಿಬಿದ್ದ ದ್ರವಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಆ ದ್ರವವೇ ಭಾರದ ಒಂದು ಪಾಲನ್ನು ಹೊತ್ತು ಎಡೆಯನ್ನು ಕಾಪಾಡುವುದೂ ಉಂಟು.

ಗಾರೆಯಿಂದ ಬರುವ ಬಿಗಿ

ಮೂರನೆಯದು, ಬಹುಶಃ ಎಲ್ಲಕ್ಕಿಂತ ಗಹನವಾದದ್ದು, ಬಂಧಕ ದ್ರವ್ಯ. ಕಲ್ಲಿನ ಎಡೆಗಳಲ್ಲಿ ಸಂಚರಿಸುವ ನೀರು ತನ್ನಲ್ಲಿ ಕರಗಿದ ಖನಿಜಗಳನ್ನು ಅಲ್ಲಲ್ಲಿ ಬಿಟ್ಟು ಹೋಗುತ್ತದೆ. ಅದು ಗಾರೆಯಂತೆ ಕಣಗಳನ್ನು ಬೆಸೆಯುತ್ತದೆ. ಆಳಕ್ಕಿಳಿದಂತೆ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿಯಷ್ಟು ಶಾಖವೇರುವುದು ಸಾಮಾನ್ಯ. ಶಾಖವು 70, 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬೆಣಚಿನ ಕಣಗಳ ಮೈಮೇಲೆ ಬೆಣಚೇ ಬೆಳೆಯತೊಡಗಿ ನೆರೆಹೊರೆಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುಣ್ಣದ ದ್ರವ್ಯವು ತುಂಬಿಕೊಂಡರೂ ಫಲ ಇದೇ.

ಜೇಡಿಖನಿಜಗಳ ಸ್ವಭಾವ ಇಲ್ಲಿ ವಿಚಿತ್ರವಾಗಿದೆ. ಕ್ಲೋರೈಟ್ ಎಂಬ ಹಸಿರು ಖನಿಜವು ಕಣಗಳ ಮೇಲೆ ತೆಳುವಾದ ಹೊದಿಕೆಯಾಗಿ ಕುಳಿತರೆ ಹೊಸ ಬೆಣಚು ಬೆಳೆಯಲು ಅಂಟು ಸಿಗದೆ ಎಡೆ ಉಳಿಯುತ್ತದೆ. ಇಲ್ಲೈಟ್ ಎಂಬುದು ಕೂದಲಿನಂತಹ ಎಳೆಗಳಾಗಿ ಬೆಳೆದು, ಅವಕಾಶವನ್ನು ಹೆಚ್ಚು ಕಡಿಮೆ ಮಾಡದೆಯೂ ಮಾರ್ಗಕ್ಕೆ ಬಲೆ ಕಟ್ಟುತ್ತದೆ. ಆದಕಾರಣ ಜೇಡಿ ಎಷ್ಟಿದೆಯೆಂಬ ಲೆಕ್ಕವಷ್ಟೇ ಸಾಲದು. ಯಾವ ಜೇಡಿ, ಎಲ್ಲಿ ಕುಳಿತಿದೆ ಎಂಬುದನ್ನೂ ನೋಡಬೇಕಾಗುತ್ತದೆ.

ಗಾರೆಯ ಪ್ರಭಾವವನ್ನು ಕಣ್ಣಾರೆ ಕಾಣಬಯಸುವವರು ಬಾದಾಮಿಗೆ ಹೋಗಬೇಕು. ಮಂಗಳೇಶನ ಶಕವರ್ಷ 500ರ, ಎಂದರೆ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹಾಲಯವು ಕೊರೆಯಲ್ಪಟ್ಟಿರುವುದು ಬೆಣಚಿನ ಮರಳುಗಲ್ಲಿನಲ್ಲಿಯೇ. ಕಣಗಳು ಶಿಲ್ಪಿಯ ಉಳಿಗೆ ಒಲಿಯುವಷ್ಟು ಸಡಿಲ, ಹದಿನಾಲ್ಕು ಶತಮಾನಗಳ ಮಳೆಗಾಳಿಗಳಿಗೆ ನಿಲ್ಲುವಷ್ಟು ಬಿಗಿ. ಈ ಬಾದಾಮಿ ಸ್ತರಗಳ ಕೆಳಗೆ, ಅವುಗಳಿಗಿಂತ ಹಳೆಯದಾದ ಬಾಗಲಕೋಟೆ ಸ್ತರಗಳು ಮಡಿಕೆ ಬಿದ್ದು ಓರೆಯಾಗಿ ನಿಂತಿವೆ. ಅಲ್ಲಿನ ಮರಳುಗಲ್ಲು ಬಹಳ ಕಡೆ ಪೂರ್ಣವಾಗಿ ಬೆಸೆದು ‘ಕ್ವಾರ್ಟ್‌ಜೈಟ್’ ಆಗಿದೆ. ಇವೆರಡನ್ನು ಗುರುತಿಸುವ ಸುಲಭೋಪಾಯವಿದೆ: ಮರಳುಗಲ್ಲನ್ನು ಒಡೆದರೆ ಒಡಕು ಕಣಗಳನ್ನು ಬಳಸಿಕೊಂಡು ಹೋಗುತ್ತದೆ, ಮುಟ್ಟಿದರೆ ಮೈ ಒರಟು, ಕ್ವಾರ್ಟ್‌ಜೈಟನ್ನು ಒಡೆದರೆ ಒಡಕು ಕಣಗಳನ್ನೇ ಸೀಳಿಕೊಂಡು ಹೋಗುತ್ತದೆ. ಅಲ್ಲಿ ಕಣ ಯಾವುದು, ಗಾರೆ ಯಾವುದು ಎಂಬ ಭೇದವೇ ಅಳಿದಿರುತ್ತದೆ. ಈ ಪ್ರದೇಶದ ಶಿಲೆಗಳನ್ನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು 1876ರಷ್ಟು ಹಿಂದೆಯೇ ವಿಸ್ತಾರವಾಗಿ ವರ್ಣಿಸಿದ್ದಾನೆ.

ಕರಗುವಿಕೆ ಮತ್ತು ಬಿರುಕು

ಇಷ್ಟನ್ನು ಕೇಳಿದವರಿಗೆ ಬಿಗಿಯಾದ ಕಲ್ಲಿಗೆ ಮುಂದೆ ಗತಿಯೇ ಇಲ್ಲವೆಂದು ತೋರಬಹುದು. ಹಾಗಲ್ಲ. ಕಟ್ಟಿದ ನೀರೇ ಕರಗಿಸುವುದೂ ಉಂಟು. ಭೂಗರ್ಭದಲ್ಲಿ ಸಸ್ಯಾದಿಗಳ ಅವಶೇಷವು ಬೇಯುವಾಗ ಹುಟ್ಟುವ ಆಮ್ಲಗಳೂ ಇಂಗಾಲಾಮ್ಲವೂ ನೀರಿಗೆ ಸೇರಿ, ಫೆಲ್ಡ್‌ಸ್ಪಾರ್ ಕಣಗಳನ್ನೂ ಸುಣ್ಣದ ಗಾರೆಯನ್ನೂ ಕರಗಿಸಿ ಹೊಸ ಎಡೆಗಳನ್ನು ಮಾಡುತ್ತವೆ. ಶಿರಸಿಯಿಂದ ಘಟ್ಟದ ಇಳಿಜಾರಿನಲ್ಲಿ ಸಿಗುವ ಯಾಣದ ಕರಿಯ ಸುಣ್ಣಶಿಲೆಯ ಶಿಖರಗಳನ್ನು ನೋಡಿದವರಿಗೆ, ಮಳೆಯ ನೀರು ಕಲ್ಲನ್ನು ಕರಗಿಸಿ ಗವಿ ಮಾಡಬಲ್ಲದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಬೆಟ್ಟದ ಪ್ರಮಾಣದಲ್ಲಿ ನಡೆದದ್ದು ಮರಳುಗಲ್ಲಿನಲ್ಲಿ ಕಣದ ಪ್ರಮಾಣದಲ್ಲಿ ನಡೆಯುತ್ತದೆ.

ಇನ್ನೊಂದು ಉಪಕಾರಿ ಬಿರುಕು. ಭೂಮಿಯ ಚಲನೆಯಿಂದ ಶಿಲೆ ಮಡಿದಾಗ, ಜರುಗಿದಾಗ, ಗಟ್ಟಿಯಾದ ಕಲ್ಲು ಬಿರಿಯುತ್ತದೆ. ಬಿರುಕಿನಲ್ಲಿ ಅವಕಾಶ ಅತ್ಯಲ್ಪ, ಮಾರ್ಗ ಮಾತ್ರ ಅತ್ಯಧಿಕ. ಕಣಗಳ ನಡುವೆ ಸ್ವಲ್ಪವಾದರೂ ಎಡೆಯಿದ್ದು, ಅದಕ್ಕೆ ಬಿರುಕುಗಳ ಜಾಲ ಕೂಡಿಕೊಂಡ ತಾಣವೇ ಬಿಗಿ ಮರಳುಗಲ್ಲಿನಲ್ಲಿ ಫಲವತ್ತಾದ ತಾಣ. ಹಳ್ಳಿಗೆ ಕಾಲುದಾರಿಗಳಿದ್ದು ಹೆದ್ದಾರಿಗೆ ಕೂಡಿದ್ದರೆ ಮಾತ್ರ ಅಲ್ಲಿನ ಬೆಳೆ ಪೇಟೆಗೆ ಬರುವಂತೆ ಇದು.

ದೇಶದ ನಿದರ್ಶನಗಳು

ನಮ್ಮ ದೇಶದಲ್ಲಿ ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಮರಳುಗಲ್ಲಿನಿಂದ ಎಣ್ಣೆ ದೊರೆಯಿತು. 1974ರಲ್ಲಿ ದೊರೆತ ಬಾಂಬೆ ಹೈನ ಎಣ್ಣೆಗೆ ಮುಖ್ಯವಾಗಿ ಸುಣ್ಣಶಿಲೆಯೇ ಮನೆ. 2004ರಲ್ಲಿ ರಾಜಸ್ಥಾನದ ಬಾಡಮೇರ್ ಪ್ರದೇಶದಲ್ಲಿ ಕಂಡುಬಂದ ‘ಮಂಗಲಾ’ ಕ್ಷೇತ್ರದ ಮರಳುಗಲ್ಲು ಹಲವು ಡಾರ್ಸಿಗಳ ಪಾರಗಮ್ಯತೆಯುಳ್ಳದ್ದು. ಅದೇ ಪ್ರದೇಶದಲ್ಲಿ ಹೆಚ್ಚು ಆಳದಲ್ಲಿರುವ ‘ರಾಗೇಶ್ವರಿ’ ಅನಿಲಕ್ಷೇತ್ರದ ಶಿಲೆಗಳಾದರೋ ಬಿಗಿಯಾದವು. ಮುಖ್ಯವಾಗಿ ಜ್ವಾಲಾಮುಖಿಜನ್ಯ ಶಿಲೆಗಳಾದ ಅವುಗಳಿಂದ ಅನಿಲವನ್ನು ತೆಗೆಯಲು ಬಂಡೆಯನ್ನು ಕೃತಕವಾಗಿ ಬಿರಿಯಿಸಬೇಕಾಗುತ್ತದೆ. ಇದಕ್ಕೆ ಜಲಭೇದನವೆನ್ನಬಹುದು: ಒತ್ತಡದ ನೀರಿನಿಂದ ಕಲ್ಲನ್ನು ಸೀಳಿ, ಸೀಳು ಮತ್ತೆ ಮುಚ್ಚದಂತೆ ಅದರೊಳಗೆ ಮರಳನ್ನು ತುರುಕುವ ವಿಧಾನ. ಅಮೆರಿಕದಲ್ಲಿ 1947ರಲ್ಲಿ ಪ್ರಯೋಗವಾಗಿ ಆರಂಭಗೊಂಡು 1949ರಿಂದ ವ್ಯಾಪಾರ ಪ್ರಮಾಣದಲ್ಲಿ ನಡೆದು ಬಂದಿದೆ. ಚೀನಾ ದೇಶದ ಓರ್ಡೋಸ್ ಪ್ರದೇಶದಲ್ಲಿ 2000ದಲ್ಲಿ ಪತ್ತೆಯಾದ ವಿಶಾಲ ಅನಿಲಕ್ಷೇತ್ರವು ಬಿಗಿ ಮರಳುಗಲ್ಲಿನದೇ ಆಗಿದ್ದು, ಈ ಉಪಾಯದ ಬಲದಿಂದ ಆ ದೇಶದ ಅತಿ ದೊಡ್ಡ ಅನಿಲಕ್ಷೇತ್ರಗಳ ಸಾಲಿಗೆ ಸೇರಿದೆ.

ನಮ್ಮ ನಾಡಿನ ಭೀಮಾ ಪ್ರದೇಶವೂ, ಮೇಲೆ ಹೇಳಿದ ಬಾದಾಮಿ, ಬಾಗಲಕೋಟೆ ಸ್ತರಗಳನ್ನೊಳಗೊಂಡ ಕಲಾದಗಿ ಪ್ರದೇಶವೂ ದೇಶದ 26 ಸಂಚಯನ ಪ್ರದೇಶಗಳ ಪಟ್ಟಿಯಲ್ಲಿ ಸೇರಿವೆಯಾದರೂ ಅವು ಮೂರನೆಯ ದರ್ಜೆಯವು. ಅಲ್ಲಿ ಈವರೆಗೆ ವ್ಯಾಪಾರಯೋಗ್ಯ ಎಣ್ಣೆಯಾಗಲಿ ಅನಿಲವಾಗಲಿ ದೊರೆತಿಲ್ಲ. ಶಿಲೆಯ ವಯಸ್ಸೊಂದೇ ಇದಕ್ಕೆ ಕಾರಣವೆನ್ನಲಾಗದು. ಅತಿ ಪ್ರಾಚೀನವಾದ ಸ್ತರಗಳಲ್ಲಿಯೂ ಮಧ್ಯಪ್ರದೇಶದ ದಮೋಹ ಜಿಲ್ಲೆಯಲ್ಲಿ ಅನಿಲವೂ, ರಾಜಸ್ಥಾನದ ಬಾಘೇವಾಲಾದಲ್ಲಿ ದಪ್ಪ ಎಣ್ಣೆಯೂ ಸಿಕ್ಕಿವೆ. ಎಣ್ಣೆಯನ್ನು ಹಡೆಯುವ ಶಿಲೆ, ಹಿಡಿಯುವ ಶಿಲೆ, ಮೇಲೆ ಮುಚ್ಚುವ ಶಿಲೆ, ಇವು ಮೂರೂ ಕಾಲಾನುಕ್ರಮದಲ್ಲಿ ಕೂಡಿಬರಬೇಕು.

ನಮ್ಮ ನೆಲದ ಮಾತು

ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಗ್ರೇವ್ಯಾಕಿಗೆ ಮರಳೋಣ. ಇದು ಹುಟ್ಟಿನಿಂದ ಕೆಸರು ತುಂಬಿದ ಮರಳು. ಬಳಿಕ ಹೂತು ಒತ್ತಡಕ್ಕೆ ಸಿಕ್ಕಿತು. ಆ ಮೇಲೆ ಪರ್ವತಗಳನ್ನು ಎಬ್ಬಿಸುವ ಚಲನೆಗೆ ಸಿಕ್ಕಿ ಮಡಿದು, ಬೆಂದು, ರೂಪಾಂತರ ಹೊಂದಿತು. ಎಣ್ಣೆ ಹುಟ್ಟಲು ಸುಮಾರು 60ರಿಂದ 150 ಡಿಗ್ರಿಯ ಶಾಖ ಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ಎಣ್ಣೆ ಉಳಿಯದು. ನಮ್ಮ ಶಿಲೆಗಳು ಅದನ್ನೆಲ್ಲ ಮೀರಿದ ಶಾಖವನ್ನು ಕಂಡವು. ಇಲ್ಲಿ ಕಲ್ಲೆಣ್ಣೆಯ ಆಸೆಗೆ ಎಡೆಯಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಮೇಲಿನ ಪಾಠವೆಲ್ಲ ಅಕ್ಷರಶಃ ಅನ್ವಯಿಸುತ್ತದೆ. ಗ್ರೇವ್ಯಾಕಿನ ಒಡಲಲ್ಲಿ ಕಣಗಳ ನಡುವೆ ನೀರಿಗೆ ಎಡೆಯೇ ಇಲ್ಲವೆನ್ನಬಹುದು. ನೀರು ನಿಲ್ಲುವುದು ಎರಡೇ ಕಡೆ: ಮೇಲಿನ ಚಿರೆಕಲ್ಲು ಹಾಗೂ ಶಿಥಿಲಗೊಂಡ ಮಣ್ಣಿನ ಪದರದಲ್ಲಿ, ಮತ್ತು ಕೆಳಗಿನ ಗಟ್ಟಿಗಲ್ಲಿನ ಬಿರುಕುಗಳಲ್ಲಿ. ಕೊಳವೆಬಾವಿಯು ಬಿರುಕನ್ನು ತಾಗಿದರೆ ನೀರು, ಹತ್ತು ಮಾರು ಪಕ್ಕಕ್ಕೆ ಸರಿದರೆ ಧೂಳು. ಆಳಕ್ಕೆ ಇಳಿದಂತೆ ಮೇಲಿನ ಭಾರದಿಂದ ಬಿರುಕುಗಳು ಕಿರಿದಾಗುತ್ತವೆ, ವಿರಳವಾಗುತ್ತವೆ. ಆದಕಾರಣ ನೀರು ಬರಲಿಲ್ಲವೆಂದು ಇನ್ನೂ ಆಳಕ್ಕೆ, ಇನ್ನೂ ಆಳಕ್ಕೆ ಕೊರೆಯುತ್ತ ಹೋಗುವುದು, ಒಂದು ವರ್ಷದ ಅಡಿಕೆಯ ಹುಟ್ಟುವಳಿಯನ್ನು ಕಲ್ಲಿನ ತೂತಿಗೆ ಸುರಿದಂತೆ. ಕೊರೆದ ಬಾವಿಯಲ್ಲಿ ಜಲಭೇದನವನ್ನು ಮಾಡಿಸಿ ಬಿರುಕನ್ನು ಅಗಲಿಸಬಹುದಾದರೂ, ಬಿರುಕಿಗೆ ನೀರುಣಿಸುವ ಮೇಲಿನ ಪದರವೇ ಬರಿದಾಗಿದ್ದರೆ ಅದರಿಂದ ಪ್ರಯೋಜನ ಅಲ್ಪ.

ಇದರಿಂದ ನಮ್ಮ ಹಿರಿಯರ ನಡೆಯೂ ಅರ್ಥವಾಗುತ್ತದೆ. ಅವರು ಗಟ್ಟಿಗಲ್ಲಿನೊಡನೆ ಗುದ್ದಾಡದೆ, ಗುಡ್ಡದ ನೆತ್ತಿಯಲ್ಲಿ ಕಾಡನ್ನು ಉಳಿಸಿ, ಓರೆಯಲ್ಲಿ ಕೆರೆಯನ್ನು ಕಟ್ಟಿ, ಒರತೆಯ ನೀರನ್ನು ಅಬ್ಬಿಯ ಮೂಲಕ ಮನೆಯಂಗಳಕ್ಕೆ ತಂದರು. ತೋಟಗಳಿಗೆ ಸೇರಿದ ಸೊಪ್ಪಿನ ಬೆಟ್ಟಗಳು ಗೊಬ್ಬರಕ್ಕೆ ಎಲೆಯನ್ನು ಕೊಡುವುದರ ಜೊತೆಗೆ ಮಳೆನೀರನ್ನು ಚಿರೆಯೊಳಕ್ಕೆ ಇಳಿಸುವ ಕೆಲಸವನ್ನೂ ಮಾಡುತ್ತಿದ್ದವು. ನಮ್ಮಲ್ಲಿ ಅವಕಾಶವಿರುವುದು ಮೇಲಿನ ಈ ತೆಳುವಾದ ಪದರಕ್ಕೆ ಮಾತ್ರ. ಬೆಟ್ಟ ಬೋಳಾಗಿ ಮೇಲ್ಮಣ್ಣು ಕೊಚ್ಚಿಹೋದರೆ, ಚಿರೆಕಲ್ಲನ್ನು ಮಿತಿಯಿಲ್ಲದೆ ಕಡಿದು ಸಾಗಿಸಿದರೆ, ಹೋಗುವುದು ನಮ್ಮ ಜಲಭಂಡಾರವೇ. ಅದರ ಕೆಳಗಿನ ಬಿಗಿಗಲ್ಲು ಅದರ ಸ್ಥಾನವನ್ನು ತುಂಬಿಕೊಡಲಾರದು.

ಶಾಲೆಯಲ್ಲಿ ಆಗಬಹುದಾದ ಕಾರ್ಯ

ಈ ವಿಚಾರವು ಓದಿ ಮುಗಿಸುವುದಕ್ಕಷ್ಟೇ ಉಳಿಯಬಾರದು. ಶಾಲೆಯ ಕಪಾಟೊಂದರಲ್ಲಿ ಚಿರೆಕಲ್ಲು, ಶೇಡಿ, ಗ್ರೇವ್ಯಾಕ್, ರಸ್ತೆಬದಿಯ ಬೆಣಚು ಇವುಗಳ ತುಣುಕುಗಳನ್ನು ಊರಿನ ಹೆಸರು ಬರೆದು ಇಡಬಹುದು. ಒಣಗಿದ ತುಣುಕನ್ನು ತೂಗಿ, ನೀರಿನಲ್ಲಿ ನೆನೆಸಿ ಮತ್ತೆ ತೂಗಿದರೆ ಕಲ್ಲು ಎಷ್ಟು ನೀರು ಕುಡಿಯಿತೆಂಬುದು ಬಾಲಕರಿಗೆ ತಿಳಿಯುತ್ತದೆ. ಶೇಡಿಯಂತೆ ನೀರಿನಲ್ಲಿ ಕದಡುವುದಕ್ಕೆ ಮಾತ್ರ ಈ ಪರೀಕ್ಷೆ ಒಗ್ಗದು. ತುಣುಕಿನ ಮೇಲೆ ಒಂದು ಹನಿ ನೀರು ಬಿಟ್ಟು ಅದು ಇಂಗುವ ಹೊತ್ತನ್ನು ಎಣಿಸಿದರೆ ಮಾರ್ಗದ ಅರಿವಾಗುತ್ತದೆ. ಶಾಲೆಯ ಬಾವಿಯ ನೀರಿನ ಮಟ್ಟವನ್ನು ಪ್ರತಿ ಹುಣ್ಣಿಮೆಗೆ ಹಗ್ಗದಿಂದ ಅಳೆದು ಪುಸ್ತಕದಲ್ಲಿ ಬರೆಯುತ್ತ ಬಂದರೆ, ಹತ್ತು ವರ್ಷಗಳಲ್ಲಿ ಅದು ಊರಿಗೆ ಉಪಯುಕ್ತವಾದ ದಾಖಲೆಯಾಗುತ್ತದೆ. ಇದಕ್ಕೆ ಬೇಕಾದ ವೆಚ್ಚ ಅತ್ಯಲ್ಪ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಒಂದು ಕಲ್ಲನ್ನು, ತಮ್ಮ ಬಾವಿಯ ಆಳದ ಲೆಕ್ಕವನ್ನು ಕಳುಹಿಸಿಕೊಟ್ಟರೂ ಈ ಸಂಗ್ರಹಕ್ಕೆ ದೊಡ್ಡ ಸಹಾಯವಾದೀತು. ಮುಂದಿನ ಬೇಸಿಗೆಯಲ್ಲಿ ಕೊಳವೆಬಾವಿ ಕೊರೆಯಿಸಲು ಹೊರಡುವ ಗೃಹಸ್ಥರು ಯಂತ್ರವನ್ನು ಕರೆಸುವ ಮೊದಲು ಈ ಕಪಾಟಿನ ಮುಂದೆ ಒಂದು ಗಳಿಗೆ ನಿಲ್ಲುವಂತಾದರೆ ಸಾಕು.